ಹಗಲು ದೀವಟಿಗೆ

ಹಗಲು ಹೊತ್ತಿನಲ್ಲಿ ದೀಪವುರಿಸಿಕೊಂಡು ಹೋಗುವ ಮೋಟಾರು ಸೈಕಲ್ಲಿನವನನ್ನು ಕಂಡರೆ ನಮ್ಮ ಜನರಿಗೆ ಸುಮ್ಮನಿರಲಾಗುವುದಿಲ್ಲ. ಎದುರಿನಿಂದ ಬರುವವರು ಕೈಯೆತ್ತಿ ಬೆರಳುಗಳನ್ನು ಮುಚ್ಚಿ ಬಿಡಿಸಿ, ದೀಪ ಉರಿಯುತ್ತಿದೆಯೆಂದು ಸನ್ನೆ ಮಾಡುತ್ತಾರೆ. ಅಂಗಡಿಯ ಜಗಲಿಯಲ್ಲಿ ಕುಳಿತವರು ಕೂಗಿ ಹೇಳುತ್ತಾರೆ. ಈ ಸನ್ನೆಯಲ್ಲಿ ದುರುದ್ದೇಶವೇನೂ ಇಲ್ಲ. ಪರರ ವಸ್ತು ವ್ಯರ್ಥವಾಗಬಾರದೆಂಬ ಒಳ್ಳೆಯ ಬುದ್ಧಿಯೇ ಅದರ ಮೂಲ. ಆದರೆ ಒಳ್ಳೆಯ ಬುದ್ಧಿಯು ವಿಷಯಜ್ಞಾನವಿಲ್ಲದೆ ಹೊರಟರೆ ಕೇಡಿಗೂ ಕಾರಣವಾಗಬಹುದು. ಸನ್ನೆಗೆ ನಾಚಿ ದೀಪವನ್ನಾರಿಸುವವನು ತನ್ನ ಪ್ರಾಣರಕ್ಷಣೆಯ ಒಂದು ಸಾಧನವನ್ನು ತಾನೇ ಬಿಟ್ಟುಕೊಟ್ಟಂತಾಗುತ್ತದೆ. ಈ ವಿಷಯಕವಾಗಿ ದೇಶದಲ್ಲಿ ಕಟ್ಟಳೆ ಜಾರಿಗೆ ಬಂದು ವರ್ಷಗಳು ಸಂದಿದ್ದರೂ ಅದರ ಅರ್ಥವು ಇನ್ನೂ ಜನಮನಕ್ಕೆ ಪೂರ್ಣವಾಗಿ ಇಳಿದಿಲ್ಲವಾದುದರಿಂದ, ಅದನ್ನು ಕುರಿತು ನಾಲ್ಕು ಮಾತುಗಳನ್ನು ವಾಚಕರ ಮುಂದಿಡುವುದು ನಮ್ಮ ಕರ್ತವ್ಯವೆಂದು ಭಾವಿಸುತ್ತೇವೆ.

ಕಟ್ಟಳೆಯ ಸ್ವರೂಪವನ್ನು ಮೊದಲು ತಿಳಿಯೋಣ. ರಸ್ತೆಗಳ ಸುರಕ್ಷತೆಯನ್ನು ಪರಿಶೀಲಿಸುವುದಕ್ಕಾಗಿ ಸುಪ್ರೀಂ ಕೋರ್ಟು 2014ರಲ್ಲಿ ನ್ಯಾಯಮೂರ್ತಿ ಕೆ. ಎಸ್. ರಾಧಾಕೃಷ್ಣನ್ ಅವರ ಅಧ್ಯಕ್ಷತೆಯಲ್ಲಿ ಒಂದು ಸಮಿತಿಯನ್ನು ನೇಮಿಸಿತು. ದ್ವಿಚಕ್ರ ವಾಹನಗಳ ದೀಪದ ವಿಷಯವೂ ಆ ಸಮಿತಿಯ ಪರಿಶೀಲನೆಗೆ ಬಂದಿತು. ಕೇಂದ್ರ ಸರ್ಕಾರದವರು 2016ರಲ್ಲಿ ನಿರ್ಧಾರವನ್ನು ಕೈಕೊಂಡು, 2017ನೆಯ ಏಪ್ರಿಲ್ 1ರಿಂದ ತಯಾರಾಗತಕ್ಕ ದ್ವಿಚಕ್ರ ವಾಹನಗಳಲ್ಲಿ, ಯಂತ್ರವು ಓಡುವಷ್ಟು ಕಾಲವೂ ಮುಂದಣ ದೀಪವು ತಾನಾಗಿಯೇ ಉರಿಯುತ್ತಿರಬೇಕೆಂದು ವಿಧಿಸಿದರು. ಅಂದಿನಿಂದ ಹೊಸ ಗಾಡಿಗಳಲ್ಲಿ ಹೆಡ್‌ಲೈಟನ್ನು ಆರಿಸುವ ಗುಂಡಿಯೇ ಇಲ್ಲ. ಯುರೋಪಿನಲ್ಲಿ ಇಂಥ ಏರ್ಪಾಡು 2003ರಿಂದಲೇ ಬಂದಿತ್ತು. ಆದುದರಿಂದ ದೀಪವುರಿಸಿಕೊಂಡು ಹೋಗುವವನು ಮರೆತವನೂ ಅಲ್ಲ, ದುಂದುಗಾರನೂ ಅಲ್ಲ. ಅವನ ಗಾಡಿಯು ಕಟ್ಟಳೆಯಂತೆ ನಡೆದುಕೊಳ್ಳುತ್ತಿದೆ, ಅಷ್ಟೆ.

ಹಿಂದಿನ ಕಾಲದಲ್ಲಿ ಹಗಲು ದೀವಟಿಗೆಯೆಂಬುದು ಒಂದು ದೊಡ್ಡ ಮರ್ಯಾದೆಯಾಗಿದ್ದಿತು. ಮಠಾಧಿಪತಿಗಳಿಗೂ ರಾಜಮಾನ್ಯರಾದ ಪುರುಷರಿಗೂ ಸಲ್ಲುತ್ತಿದ್ದ ಬಿರುದುಗಳಲ್ಲಿ ಛತ್ರ ಚಾಮರಗಳೊಡನೆ ಅದೂ ಒಂದು. ನಡುಹಗಲಿನಲ್ಲಿ ದೀವಟಿಗೆ ಹಿಡಿದು ಮುಂದೆ ನಡೆಯುತ್ತಿದ್ದವರು ದಾರಿಯನ್ನು ತೋರಿಸುವುದಕ್ಕಾಗಿ ನಡೆಯುತ್ತಿರಲಿಲ್ಲ. ಹಿಂದೆ ಬರುವವರು ಇಂಥವರೆಂದು ಕಂಡವರಿಗೆಲ್ಲ ತಿಳಿಯಲೆಂದು ನಡೆಯುತ್ತಿದ್ದರು. ಆ ದೀಪವು ನೋಡುವುದಕ್ಕಲ್ಲ, ಕಾಣಿಸಿಕೊಳ್ಳುವುದಕ್ಕೆ. ಇಂದಿನ ಮೋಟಾರು ಸೈಕಲ್ಲಿನ ಹಗಲು ದೀಪದ ತತ್ತ್ವವೂ ಇದೇ. ಭೇದವಿಷ್ಟೆ: ಅಂದು ಕೆಲವರ ಹಿರಿಮೆಯನ್ನು ಸಾರುತ್ತಿದ್ದುದು ಇಂದು ಅಡಿಕೆಯ ಕೂಲಿಗೆ ಹೋಗುವವನ ಪ್ರಾಣವನ್ನು ಕಾಯುವುದಕ್ಕೆ ಒದಗಿದೆ. ಪ್ರಜಾರಾಜ್ಯದಲ್ಲಿ ಈ ಮರ್ಯಾದೆಯು ಎಲ್ಲರಿಗೂ ಸಲ್ಲುವಂತಾದುದನ್ನು ನಾವು ಸಂತೋಷದಿಂದ ಸ್ವಾಗತಿಸಬೇಕು.

ತನ್ನ ಬರವನ್ನು ಇತರರಿಗೆ ಮುಂಚಿತವಾಗಿ ತಿಳಿಸತಕ್ಕುದೆಂಬ ನೀತಿಯು ನಮ್ಮ ಮಾರ್ಗಗಳಿಗೆ ಹೊಸದಲ್ಲ. ಎತ್ತುಗಳ ಕೊರಳಿಗೆ ಗಂಟೆ ಕಟ್ಟುತ್ತಿದ್ದುದು ಬರಿಯ ಅಲಂಕಾರಕ್ಕಾಗಿಯಲ್ಲ. ಇಕ್ಕಟ್ಟಾದ ದಾರಿಯ ತಿರುವಿನಲ್ಲಿ ಎದುರುಗಾಡಿಯವನು ಸದ್ದನ್ನು ಕೇಳಿ ಅಗಲವಿದ್ದೆಡೆಯಲ್ಲಿ ನಿಲ್ಲಲೆಂದೂ ಹೌದು. ರಾತ್ರಿಯ ವೇಳೆ ಗಾಡಿಯ ಅಚ್ಚಿನ ಕೆಳಗೆ ತೂಗಾಡುತ್ತಿದ್ದ ಲಾಂದ್ರವು ಎತ್ತಿಗೆ ದಾರಿ ತೋರಿಸುವಷ್ಟು ಬೆಳಕನ್ನು ಕೊಡುತ್ತಿರಲಿಲ್ಲ. ಇಲ್ಲೊಂದು ಗಾಡಿಯುಂಟೆಂದು ಹೇಳುವುದಕ್ಕೆ ಅದು ಸಾಕಾಗಿದ್ದಿತು. ಯಕ್ಷಗಾನದ ಆಟ ನೋಡಿ ಬರುವವರು ಬೀಸುತ್ತಿದ್ದ ತೆಂಗಿನ ಗರಿಯ ಸೂಟೆಯಿಂದಲೂ ಈ ಎರಡು ಪ್ರಯೋಜನಗಳು ಒದಗುತ್ತಿದ್ದವು. ಎತ್ತಿನ ಗಾಡಿಯ ವೇಗಕ್ಕೆ ಗಂಟೆ ಸಾಕು. ಗಂಟೆಗೆ 60 ಕಿಲೋಮೀಟರು ಓಡುವ ಗಾಡಿಗಳ ಕಾಲದಲ್ಲಿ ಸದ್ದು ಕಿವಿಗೆ ಮುಟ್ಟಿ ಅರ್ಥವಾಗುವುದರೊಳಗೆ ಗಾಡಿಯೇ ಮೈಮೇಲೆ ಬಂದಿರುತ್ತದೆ. ಗಂಟೆಯು ಮಾಡುತ್ತಿದ್ದ ಕೆಲಸವನ್ನು ಈಗ ದೀಪವು ಮಾಡಬೇಕಾಗಿದೆ.

ಈ ಮಾತಿಗೆ ನಿದರ್ಶನವನ್ನು ದೂರ ಹುಡುಕಬೇಕಾಗಿಲ್ಲ. ಕಡಬ ತಾಲೂಕಿನ ಇಚಿಲಂಪಾಡಿಯ ಮಾರ್ಗವನ್ನೇ ತೆಗೆದುಕೊಳ್ಳೋಣ. ಧರ್ಮಸ್ಥಳದಿಂದ ಕೊಕ್ಕಡ, ಪೆರಿಯಶಾಂತಿಗಳ ಮೇಲೆ ಬಂದು, ಬೆಂಗಳೂರು–ಮಂಗಳೂರು ಹೆದ್ದಾರಿಯನ್ನು ಕಳೆದು, ಇಚಿಲಂಪಾಡಿಯ ಮೂಲಕ ಮರ್ದಾಳಕ್ಕೂ ಅಲ್ಲಿಂದ ಸುಬ್ರಹ್ಮಣ್ಯಕ್ಕೂ ಹೋಗತಕ್ಕ ಈ ದಾರಿಯು ಎರಡು ಮಹಾಕ್ಷೇತ್ರಗಳನ್ನು ಕೂಡಿಸುವಂಥದು. ದೂರದ ಊರುಗಳ ಯಾತ್ರಿಕರನ್ನು ತುಂಬಿಕೊಂಡು ಬರುವ ಬಸ್ಸು, ವ್ಯಾನು, ಕಾರುಗಳಿಗೆ ಇಲ್ಲಿಯ ತಿರುವುಗಳ ಪರಿಚಯವಿರುವುದಿಲ್ಲ. ಊರವರಿಗೋ ಇದೇ ಮನೆಯಂಗಳದ ದಾರಿ. ಬೆಳಗಾಗುತ್ತಲೇ ರಬ್ಬರು ಹಾಲು ತೆಗೆಯಲು ಹೋಗುವವನು, ಹಾಲಿನ ಸೊಸೈಟಿಗೆ ಕ್ಯಾನು ಒಯ್ಯುವವನು, ಮಗುವನ್ನು ಶಾಲೆಗೆ ಬಿಡುವ ತಾಯಿ, ನೆಲ್ಯಾಡಿಯ ಇಲ್ಲವೆ ಕಡಬದ ಪೇಟೆಗೆ ಅಡಿಕೆಯ ಧಾರಣೆ ವಿಚಾರಿಸಲು ಹೊರಟ ಕೃಷಿಕ, ಎಲ್ಲರಿಗೂ ದ್ವಿಚಕ್ರ ವಾಹನವೇ ಗತಿ. ಪರಿಚಯವಿಲ್ಲದ ದೊಡ್ಡ ಗಾಡಿ, ಪರಿಚಯ ಹೆಚ್ಚಾದ ಸಣ್ಣ ಗಾಡಿ, ಇವೆರಡೂ ಒಂದೇ ತಿರುವಿನಲ್ಲಿ ಸಂಧಿಸುವುದೇ ಇಂಥ ಮಾರ್ಗಗಳ ಅಪಾಯ.

ಅಲ್ಲಿಯ ಬೆಳಕಿನ ಸ್ಥಿತಿಯನ್ನೂ ಗಮನಿಸಬೇಕು. ಸೂರ್ಯನು ನೆತ್ತಿಯ ಮೇಲಿದ್ದರೂ ಕಾಡಿನ ಮರಗಳ ಕೆಳಗೆ, ರಬ್ಬರು ತೋಟಗಳ ಸಾಲಿನ ನಡುವೆ, ಮಾರ್ಗದ ಮೇಲೆ ಬಿಸಿಲೂ ನೆರಳೂ ಚಾಪೆ ಹೆಣೆದಂತೆ ಬಿದ್ದಿರುತ್ತವೆ. ಬಿಸಿಲಿನಿಂದ ನೆರಳಿಗೆ ಹೊಕ್ಕ ಕಣ್ಣು ಒಂದು ಕ್ಷಣ ಮಂಕಾಗುವುದು ಸಹಜ. ಕಪ್ಪು ಗಾಡಿ, ಮಾಸಿದ ಬಟ್ಟೆ, ಹಿನ್ನೆಲೆಯಲ್ಲಿ ಕಡು ಹಸುರು. ಇಂಥಲ್ಲಿ ಬರುವ ಸವಾರನು ನೆರಳಿನ ಒಂದು ತುಂಡಿನಂತೆ ತೋರುವುದರಲ್ಲಿ ಆಶ್ಚರ್ಯವೇನು? ಇನ್ನು ಮಳೆಗಾಲ. ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 4,000 ಮಿಲಿಮೀಟರು ಮಳೆ ಸುರಿಯುತ್ತದೆ. ಅದರಲ್ಲಿ ಬಹುಭಾಗವು ಜೂನ್ ತಿಂಗಳಿನಿಂದ ಸೆಪ್ಟೆಂಬರಿನೊಳಗೆ. ಆ ನಾಲ್ಕು ತಿಂಗಳು ಮಧ್ಯಾಹ್ನವೂ ಮುಸ್ಸಂಜೆಯೇ. ಬಸ್ಸಿನ ಗಾಜಿನ ಮೇಲೆ ನೀರು ಹರಿಯುವಾಗ ಎದುರಿನ ಮೋಟಾರು ಸೈಕಲ್ಲಿನ ಆಕಾರವು ಅಳಿಸಿಹೋಗುತ್ತದೆ. ಉಳಿಯುವುದು ಅದರ ದೀಪವೊಂದೇ. "ಹಗಲಲ್ಲಿ ದೀಪವೇಕೆ" ಎಂದು ಕೇಳುವವರು ಆಷಾಢದ ಒಂದು ಮಧ್ಯಾಹ್ನ ಈ ಮಾರ್ಗದಲ್ಲಿ ಒಮ್ಮೆ ಹೋಗಿಬಂದರೆ ಉತ್ತರವು ತಾನಾಗಿ ದೊರೆಯುವುದು.

ದೃಷ್ಟಿಯ ಲೆಕ್ಕವೂ ಇದನ್ನೇ ಹೇಳುತ್ತದೆ. ಬಸ್ಸಿನ ಮುಖವು ಸುಮಾರು ಎರಡೂವರೆ ಮೀಟರು ಅಗಲ. ಮೋಟಾರು ಸೈಕಲ್ಲಿನದು ಒಂದು ಮೀಟರೂ ಇಲ್ಲ. ನೇರವಾಗಿ ಎದುರಿನಿಂದ ಬರುವ ಸಣ್ಣ ವಸ್ತುವು ಅತ್ತಿತ್ತ ಸರಿಯದೆ ಇರುವುದರಿಂದ ಚಲಿಸುತ್ತಿದೆಯೆಂದು ಮನಸ್ಸಿಗೆ ಬೇಗ ತೋರುವುದಿಲ್ಲ. ಅದು ಇರುವುದಕ್ಕಿಂತ ದೂರದಲ್ಲಿರುವಂತೆಯೂ, ಬರುವುದಕ್ಕಿಂತ ಮೆಲ್ಲಗೆ ಬರುವಂತೆಯೂ ಕಾಣುತ್ತದೆ. ಅಡ್ಡರಸ್ತೆಯಿಂದ ತಿರುಗುವ ಕಾರಿನವನು, "ನೋಡಿದೆ, ಆದರೆ ಕಾಣಲಿಲ್ಲ" ಎಂದು ಹೇಳುವುದು ಅನೇಕ ವೇಳೆ ಸುಳ್ಳಲ್ಲ. ಗಂಟೆಗೆ 60 ಕಿಲೋಮೀಟರು ವೇಗದ ಎರಡು ಗಾಡಿಗಳು ಒಂದಕ್ಕೊಂದು ಎದುರಾಗಿ ಬಂದರೆ ನಡುವಣ ಅಂತರವು ಸೆಕೆಂಡಿಗೆ 33 ಮೀಟರಿನಂತೆ ಕರಗುತ್ತದೆ. ಕಂಡದ್ದನ್ನು ಮನಸ್ಸು ತಿಳಿದು ಕಾಲು ಬ್ರೇಕನ್ನು ಮೆಟ್ಟುವುದಕ್ಕೆ ಒಂದೂವರೆ ಸೆಕೆಂಡಾದರೂ ಬೇಕು. ಅಷ್ಟರಲ್ಲಿ 50 ಮೀಟರು ಹೋಯಿತು. ದೀಪವಿದ್ದುದರಿಂದ ಎರಡು ಸೆಕೆಂಡು ಮೊದಲೇ ಗುರುತು ಸಿಕ್ಕಿತೆಂದರೆ ಅದು ಅಲ್ಪವಲ್ಲ. ಒಂದು ಕುಟುಂಬದ ಅನ್ನವು ಆ ಎರಡು ಸೆಕೆಂಡುಗಳಲ್ಲಿ ನಿಂತಿರಬಹುದು.

ಈ ಏರ್ಪಾಡಿಗೆ ವಿರೋಧವಾಗಿ ಹೇಳಲಾಗುವ ಮಾತುಗಳನ್ನು ಒಂದೊಂದಾಗಿ ವಿಚಾರಿಸೋಣ. ಮೊದಲನೆಯದು, ಇದು ಪರದೇಶದ ಕುರುಡು ಅನುಕರಣೆಯೆಂಬುದು. ಉತ್ತರ ಯುರೋಪಿನಲ್ಲಿ ಚಳಿಗಾಲದ ಹಗಲೆಲ್ಲ ಮಬ್ಬು. ಸ್ವೀಡನ್ ದೇಶದವರು 1977ರಲ್ಲಿ ಸಕಲ ಮೋಟಾರುಗಳಿಗೂ ಹಗಲು ದೀಪವನ್ನು ಕಡ್ಡಾಯ ಮಾಡಿದುದು ಅವರ ಹವೆಗೆ ಒಪ್ಪುವ ಮಾತು. ಬಿಸಿಲಿನ ನಾಡಾದ ನಮಗೆ ಅದೇತಕ್ಕೆ? ಹೀಗೆಂದು ಕೇಳುತ್ತಾರೆ. ಸ್ವದೇಶಾಭಿಮಾನವುಳ್ಳವರಿಗೆ ಈ ಪ್ರಶ್ನೆಯು ಮೇಲುನೋಟಕ್ಕೆ ಮೆಚ್ಚಿಕೆಯಾದೀತು. ಆದರೆ ಮಲೇಶಿಯವು ಯುರೋಪಿನಲ್ಲಿಲ್ಲ. ಭೂಮಧ್ಯರೇಖೆಯ ಸಮೀಪದಲ್ಲಿ, ನಮ್ಮಂತೆಯೇ ಬಿಸಿಲು ಮಳೆಗಳನ್ನುಂಡು, ನಮ್ಮಂತೆಯೇ ರಬ್ಬರು ಬೆಳೆದು, ನಮ್ಮಂತೆಯೇ ಮೋಟಾರು ಸೈಕಲ್ಲುಗಳಿಂದ ತುಂಬಿರುವ ಆ ದೇಶದಲ್ಲಿ 1992ರಲ್ಲಿ ಮೋಟಾರು ಸೈಕಲ್ಲುಗಳಿಗೆ ಹಗಲು ದೀಪವನ್ನು ವಿಧಿಸಿದರು. ಆ ಬಳಿಕ ಅಲ್ಲಿಯ ವಿದ್ವಾಂಸರು ಸೆರಂಬಾನ್, ಷಾ ಆಲಂ ಪ್ರದೇಶಗಳಲ್ಲಿ ನಡೆಸಿ 1996ರಲ್ಲಿ ಪ್ರಕಟಿಸಿದ ಪರಿಶೀಲನೆಯಲ್ಲಿ, ಸವಾರನು ಕಣ್ಣಿಗೆ ಬೀಳದೆ ಆಗತಕ್ಕ ಅಪಘಾತಗಳು ನೂರಕ್ಕೆ ಸುಮಾರು 29ರಷ್ಟು ಇಳಿದುವೆಂದು ಕಂಡುಬಂದಿತು. ಒಳ್ಳೆಯದು ಎಲ್ಲಿದ್ದರೂ ಪರೀಕ್ಷಿಸಿ ಕೈಕೊಳ್ಳುವುದು ದಾಸ್ಯವಲ್ಲ. ಪರೀಕ್ಷಿಸದೆ ತಳ್ಳಿಬಿಡುವುದೇ ಬುದ್ಧಿಯ ದಾಸ್ಯ.

ಎರಡನೆಯದು ಖರ್ಚಿನ ಮಾತು. ದೀಪಕ್ಕಾಗಿ ಪೆಟ್ರೋಲು ಪೋಲಾಗುತ್ತದೆ, ಬ್ಯಾಟರಿ ಕೆಡುತ್ತದೆ ಎನ್ನುತ್ತಾರೆ. ಹಳೆಯ ಬಗೆಯ ಬಲ್ಬು 35 ವ್ಯಾಟಿನದೆಂದು ಇಟ್ಟುಕೊಂಡು, ಯಂತ್ರವು ಶಾಖದ ರೂಪದಲ್ಲಿ ಕಳೆಯುವ ನಷ್ಟವನ್ನೂ ಸೇರಿಸಿ ಲೆಕ್ಕ ಹಾಕಿದರೂ, ಒಂದು ಗಂಟೆಯ ಸವಾರಿಗೆ ದೀಪದ ಪಾಲಿನ ಪೆಟ್ರೋಲು ನಾಲ್ಕೈದು ಚಮಚೆಗಳನ್ನು ಮೀರದು. ಎಲ್‌ಇಡಿ ದೀಪವಾದರೆ ಅದಕ್ಕಿಂತಲೂ ಬಹಳ ಕಡಮೆ. ಬಡವನ ಪಾಲಿಗೆ ಎರಡು ಮೂರು ರೂಪಾಯಿಯೂ ಹಣವೆಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಆಸ್ಪತ್ರೆಯಲ್ಲಿ ಕಳೆಯುವ ಒಂದು ದಿನದ ಖರ್ಚಿನೊಡನೆ ಅದನ್ನು ತೂಗಿನೋಡಬೇಕು. ಬ್ಯಾಟರಿಯ ಭಯಕ್ಕೂ ಆಧಾರವಿಲ್ಲ; ಹೊಸ ಗಾಡಿಗಳಲ್ಲಿ ಯಂತ್ರವು ಓಡುವಾಗ ಮಾತ್ರ ದೀಪ ಉರಿಯುತ್ತದೆಯಾದುದರಿಂದ, ಓಟದಲ್ಲಿ ಹುಟ್ಟುವ ವಿದ್ಯುತ್ತೇ ಅದಕ್ಕೆ ಒದಗುತ್ತದೆ.

ಮೂರನೆಯ ಆಕ್ಷೇಪಣೆಯಲ್ಲಿ ಮಾತ್ರ ಸತ್ಯಾಂಶವಿದೆ. ದೀಪಗಳು ಹೆಚ್ಚಾದರೆ ಕಣ್ಣು ಕುಕ್ಕುವುದಿಲ್ಲವೆ, ಎಲ್ಲ ಮೋಟಾರುಗಳೂ ದೀಪವುರಿಸಿದರೆ ಸಣ್ಣ ಗಾಡಿಯ ಗುರುತು ಅಳಿಯುವುದಿಲ್ಲವೆ ಎಂಬುದು ಆ ಆಕ್ಷೇಪಣೆ. ಆಸ್ಟ್ರಿಯ ದೇಶದವರು 2005ರಲ್ಲಿ ಕಾರುಗಳಿಗೂ ಹಗಲು ದೀಪವನ್ನು ವಿಧಿಸಿ 2008ರಲ್ಲಿ ಹಿಂತೆಗೆದುಕೊಂಡರು. ಮೋಟಾರು ಸೈಕಲ್ಲುಗಳಿಗೆ ವಿಧಿಸಿದ್ದುದನ್ನು ಮಾತ್ರ ಬಿಡಲಿಲ್ಲ. ಇದರಿಂದ ನಾವು ಕಲಿಯಬೇಕಾದ ಪಾಠವೇನು? ಹಗಲು ದೀಪದ ಮೊದಲ ಹಕ್ಕು ಸಣ್ಣ ಗಾಡಿಯದು. ದೊಡ್ಡ ಗಾಡಿಗಳಿಗೆ ಮಳೆ, ಮಂಜು, ಮಬ್ಬುಗಳಿದ್ದಾಗ ಸಾಕು. ಅದಲ್ಲದೆ ಉರಿಯತಕ್ಕುದು ಕೆಳಮುಖದ ಸೌಮ್ಯ ಬೆಳಕೇ ಹೊರತು ಕಣ್ಣಿಗೆ ಹೊಡೆಯುವ ಮೇಲ್ಬೆಳಕಲ್ಲ. ಅಂಗಡಿಯಲ್ಲಿ ಸಿಕ್ಕುವ ನೀಲಿ ಬಿಳಿಯ ಪ್ರಖರ ದೀಪಗಳನ್ನು ಹೆಚ್ಚಿಗೆ ಜೋಡಿಸಿಕೊಂಡು ಎದುರಿನವರನ್ನು ಕುರುಡು ಮಾಡುವ ಚಟದ ಮೇಲೆ ಕರ್ನಾಟಕದ ಪೋಲೀಸಿನವರು 2024ರ ಜುಲೈ ತಿಂಗಳಿನಿಂದ ಕ್ರಮ ಕೈಕೊಂಡುದು ಯೋಗ್ಯವೇ ಆಗಿದೆ. ತಾನು ಕಾಣಿಸಿಕೊಳ್ಳಬೇಕು, ಆದರೆ ಇತರರ ಕಣ್ಣನ್ನು ಕೆಡಿಸಬಾರದು. ಹಗಲು ದೀಪದ ಮರ್ಯಾದೆಯು ಇದರಲ್ಲಿಯೇ ಅಡಗಿದೆ.

ಇನ್ನು ಕಟ್ಟಳೆಯಲ್ಲಿ ಉಳಿದಿರುವ ದೊಡ್ಡ ತೆರಪನ್ನು ನೋಡೋಣ. ಅದು ಹೊಸ ಗಾಡಿಗಳಿಗೆ ಮಾತ್ರ ಅನ್ವಯಿಸಿತು. 2017ರ ಏಪ್ರಿಲ್ 1ರಿಂದಲೇ ಹಳೆಯ ಬಿಎಸ್-3 ದರ್ಜೆಯ ಗಾಡಿಗಳನ್ನು ಮಾರಕೂಡದೆಂದು ಸುಪ್ರೀಂ ಕೋರ್ಟು ಅದೇ ಮಾರ್ಚ್ 29ರಂದು ಆಜ್ಞಾಪಿಸಿದಾಗ, ಉಳಿದ ದಾಸ್ತಾನನ್ನು ಕರಗಿಸಲು ವ್ಯಾಪಾರಿಗಳು ಭಾರಿ ರಿಯಾಯಿತಿಯನ್ನು ಸಾರಿದುದೂ, ಜನರು ಅಂಗಡಿಗಳಿಗೆ ಮುಗಿಬಿದ್ದುದೂ ವಾಚಕರಿಗೆ ನೆನಪಿರಬಹುದು. ಗಾಡಿಯ ನೋಂದಣಿ 15 ವರ್ಷ ನಡೆಯುತ್ತದೆ. ಅಂದು ಕೊಂಡ ಗಾಡಿಗಳು 2032ರವರೆಗೂ, ನೋಂದಣಿಯನ್ನು ಹೊಸದು ಮಾಡಿಸಿದರೆ ಅದರಾಚೆಗೂ ಓಡತಕ್ಕವು. ಹಳ್ಳಿಗಾಡಿನಲ್ಲಿ ಹಳೆಯ ಗಾಡಿಯೇ ಹೆಚ್ಚು ಕಾಲ ಬಾಳುವುದು. ಅಂದರೆ ಅತ್ಯಂತ ನೆರಳಿನ ಮಾರ್ಗದಲ್ಲಿ ಅತ್ಯಂತ ಹಳೆಯ ಗಾಡಿ ದೀಪವಿಲ್ಲದೆ ಓಡುತ್ತಿರುವ ಸ್ಥಿತಿ ಇನ್ನೂ ಹಲವು ವರ್ಷ ಮುಂದುವರಿಯುವುದು. ಇವುಗಳ ದೀಪವನ್ನು ಹೊತ್ತಿಸುವ ಗುಂಡಿಯು ಸವಾರನ ಹೆಬ್ಬೆರಳಿನ ಕೆಳಗೇ ಇದೆ. ಅದನ್ನು ಒತ್ತುವುದಕ್ಕೆ ಸರ್ಕಾರಿ ಆಜ್ಞೆ ಬೇಕೆ?

ಇದಕ್ಕಿಂತ ವಿಷಾದಕರವಾದುದು ಹೊಸ ಗಾಡಿಗಳಲ್ಲಿ ಕೆಲವರು ಮಾಡಿಸುವ ಕೈಚಳಕ. ಆರಿಸುವ ಗುಂಡಿಯಿಲ್ಲವೆಂದು ರಿಪೇರಿಯ ಅಂಗಡಿಗೆ ಹೋಗಿ, ತಂತಿಯನ್ನು ಕತ್ತರಿಸಿ ಬೇರೊಂದು ಸ್ವಿಚ್ಚನ್ನು ಹಾಕಿಸಿಕೊಳ್ಳುತ್ತಾರೆ. ತಯಾರಕರು ಕೊಟ್ಟ ರಚನೆಯನ್ನು ಮನಬಂದಂತೆ ಬದಲಿಸಕೂಡದೆಂದು 1988ರ ಮೋಟಾರು ವಾಹನಗಳ ಕಾಯಿದೆಯ 52ನೆಯ ಪ್ರಕರಣವು ಹೇಳುತ್ತದೆ. ಕಾಯಿದೆಯ ಮಾತು ಹಾಗಿರಲಿ. ಪರರಾಜ್ಯದಲ್ಲಿ ಕಟ್ಟಳೆಯನ್ನು ತಪ್ಪಿಸಿಕೊಳ್ಳುವುದು ಜಾಣತನವೆಂದು ತೋರುತ್ತಿದ್ದ ಕಾಲವೊಂದಿತ್ತು. ನಾವೇ ಆರಿಸಿದವರು ನಮ್ಮ ಹಿತಕ್ಕಾಗಿ ಮಾಡಿದ ಕಟ್ಟಳೆಯನ್ನು ಸ್ವರಾಜ್ಯದಲ್ಲಿಯೂ ಹಾಗೆಯೇ ತಪ್ಪಿಸಿಕೊಳ್ಳುವೆವಾದರೆ, ಆಳುವವರು ಬದಲಾದರೇ ಹೊರತು ನಾವು ಬದಲಾಗಲಿಲ್ಲವೆಂದೇ ಹೇಳಬೇಕು. ತನ್ನನ್ನು ತಾನು ಆಳಿಕೊಳ್ಳಲಾರದವನಿಗೆ ಸ್ವರಾಜ್ಯವೆಂಬ ಶಬ್ದದ ಅರ್ಧವೇ ತಿಳಿದಂತಾಯಿತು.

ಇಷ್ಟು ಹೇಳಿದ ಮೇಲೆ ದೀಪದ ಮಿತಿಯನ್ನೂ ಹೇಳದಿದ್ದರೆ ನ್ಯಾಯವಾಗದು. ಕೇಂದ್ರ ಸಾರಿಗೆ ಮಂತ್ರಿಶಾಖೆಯವರ ವರದಿಯಂತೆ 2022ರಲ್ಲಿ ದೇಶದ ರಸ್ತೆಗಳಲ್ಲಿ ನಡೆದ ಅಪಘಾತಗಳು 4,61,312, ಮಡಿದವರು 1,68,491. ಇವರಲ್ಲಿ ದ್ವಿಚಕ್ರ ವಾಹನಗಳವರು ನೂರಕ್ಕೆ 44.5, ಎಂದರೆ 75,000ಕ್ಕೆ ತುಸು ಕಡಮೆ. ಹಗಲು ದೀಪದ ಕಟ್ಟಳೆ ಬಂದು ಐದು ವರ್ಷಗಳಾದ ಮೇಲಿನ ಲೆಕ್ಕವಿದು. ಇದನ್ನು ತೋರಿಸಿ ದೀಪವು ನಿಷ್ಫಲವೆನ್ನುವವರು, ಈ ನಡುವೆ ಗಾಡಿಗಳ ಸಂಖ್ಯೆಯೂ ವೇಗವೂ ಏರಿರುವುದನ್ನು ಮರೆಯುತ್ತಾರೆ. ಆದರೆ ದೀಪವೊಂದರಿಂದಲೇ ಎಲ್ಲವೂ ಸರಿಹೋಯಿತೆಂದು ಸರ್ಕಾರದವರು ಸುಮ್ಮನೆ ಕುಳಿತರೆ ಅದನ್ನೂ ನಾವು ಒಪ್ಪಲಾರೆವು. ದೀಪವು ಕುಡಿದು ಓಡಿಸುವವನನ್ನು ತಡೆಯದು. ಮಾರ್ಗದ ಹೊಂಡವನ್ನು ತುಂಬದು. ತಲೆಗೆ ಹೆಲ್ಮೆಟ್ಟಿಲ್ಲದವನ ತಲೆಯನ್ನು ಉಳಿಸದು. ನಮ್ಮ ರಾಜ್ಯದಲ್ಲಿ ಹಿಂಬದಿಯ ಸವಾರನಿಗೂ ಹೆಲ್ಮೆಟ್ಟನ್ನು 2016ರ ಜನವರಿಯಲ್ಲಿ ಕಡ್ಡಾಯ ಮಾಡಿದ್ದರೂ ಹಳ್ಳಿಯ ಮಾರ್ಗಗಳಲ್ಲಿ ಅದು ಟ್ಯಾಂಕಿನ ಮೇಲೆಯೋ ಕೈಯ ಮೇಲೆಯೋ ಕುಳಿತು ಪ್ರಯಾಣ ಮಾಡುವುದನ್ನು ಕಾಣುತ್ತೇವೆ.

ಆದುದರಿಂದ ಅಧಿಕಾರಿವರ್ಗದವರಿಗೆ ನಮ್ಮ ಸೂಚನೆಗಳಿವು. ಪುತ್ತೂರಿನ ಸಾರಿಗೆ ಕಚೇರಿಯವರು ಲೈಸೆನ್ಸಿನ ಪರೀಕ್ಷೆಗೆ ಬರುವ ಪ್ರತಿಯೊಬ್ಬನಿಗೂ ಹಗಲು ದೀಪದ ಕಾರಣವನ್ನು ಅವನ ಭಾಷೆಯಲ್ಲಿ, ಎರಡು ವಾಕ್ಯಗಳಲ್ಲಿ ತಿಳಿಸಿ ಹೇಳಲಿ. ಗಾಡಿ ಮಾರುವ ಅಂಗಡಿಗಳಲ್ಲಿ ಅದೇ ಮಾತನ್ನು ಕನ್ನಡದಲ್ಲಿ ಬರೆದು ತೂಗಹಾಕುವಂತೆ ಮಾಡಲಿ. ಕಾರಣ ತಿಳಿಯದ ಕಟ್ಟಳೆಯು ಜನರಿಗೆ ಪೀಡೆಯಾಗಿಯೇ ತೋರುವುದು. ತಂತಿ ಕತ್ತರಿಸಿದ ಗಾಡಿಗಳನ್ನು ಹಿಡಿದಾಗ ಮೊದಲ ಸಲ ಜುಲ್ಮಾನೆಗಿಂತ ದುರಸ್ತಿಯನ್ನು ಮಾಡಿಸುವುದು ಮೇಲು. ಲೋಕೋಪಯೋಗಿ ಇಲಾಖೆಯವರು ಇಚಿಲಂಪಾಡಿಯಂಥ ಮಾರ್ಗಗಳ ಕುರುಡು ತಿರುವುಗಳಲ್ಲಿ ಉಬ್ಬುಗನ್ನಡಿಗಳನ್ನು ನಿಲ್ಲಿಸಿ, ದೃಷ್ಟಿಗೆ ಅಡ್ಡವಾದ ಪೊದೆಗಳನ್ನು ಮಳೆಗಾಲಕ್ಕೆ ಮುಂಚೆಯೇ ಸವರಿಸಿ, ಅಂಚಿನ ಬಿಳಿಯ ಗೆರೆಗಳನ್ನು ವರ್ಷವರ್ಷವೂ ಹೊಸದು ಮಾಡಲಿ. ಗ್ರಾಮ ಪಂಚಾಯತಿನವರು ಯಾವ ತಿರುವಿನಲ್ಲಿ ಪದೇ ಪದೇ ಅಪಘಾತವಾಗುತ್ತದೆಂಬುದನ್ನು ಬರೆದಿಟ್ಟು ಮೇಲಿನವರಿಗೆ ತಿಳಿಸಲಿ. ಇವು ಕೋಟಿಗಟ್ಟಲೆ ಹಣ ಬೇಡುವ ಕೆಲಸಗಳಲ್ಲ. ಮನಸ್ಸು ಬೇಡುವ ಕೆಲಸಗಳು.

ಸಾರ್ವಜನಿಕರಲ್ಲಿಯೂ ನಮ್ಮದೊಂದು ಬಿನ್ನಹವಿದೆ. ಹಳೆಯ ಗಾಡಿಯುಳ್ಳವರು ಮನೆಯಿಂದ ಹೊರಡುವಾಗಲೇ ಕೆಳಬೆಳಕನ್ನು ಹೊತ್ತಿಸಿಕೊಳ್ಳುವ ಅಭ್ಯಾಸ ಮಾಡಲಿ. ತಂತಿ ಕತ್ತರಿಸಿ ಕೊಡಿರೆಂದು ಬಂದ ಗಿರಾಕಿಗೆ ಮೆಕ್ಯಾನಿಕ್ಕನು ಬುದ್ಧಿ ಹೇಳಿ ಕಳುಹಿಸಲಿ. ಶಾಲೆಯ ಉಪಾಧ್ಯಾಯರು ಮಕ್ಕಳಿಗೆ ಈ ವಿಷಯವನ್ನು ತಿಳಿಸಿದರೆ, ಮಕ್ಕಳು ಅದನ್ನು ಮನೆಗೆ ಒಯ್ದು ತಂದೆತಾಯಿಗಳ ಕಿವಿಗೆ ಹಾಕದೆ ಬಿಡುವುದಿಲ್ಲ. ಸರ್ಕಾರಿ ನೌಕರರು, ವಕೀಲರು, ಪಂಚಾಯತಿಯ ಸದಸ್ಯರು ಮೊದಲಾಗಿ ಊರಿನಲ್ಲಿ ನಾಲ್ಕು ಜನ ನೋಡಿ ನಡೆಯತಕ್ಕವರು ತಾವೇ ಇದನ್ನು ಮಾಡಿ ತೋರಿಸಲಿ. ಸುತ್ತೋಲೆಗಿಂತ ಮೇಲ್ಪಂಕ್ತಿಗೆ ಬೆಲೆ ಹೆಚ್ಚು.

ಹಗಲಲ್ಲಿ ದೀಪ ಕಂಡಾಗ ಕೈಯೆತ್ತಿ ಸನ್ನೆ ಮಾಡುವ ಸಜ್ಜನರಿಗೆ ಕೊನೆಯ ಮಾತು. ಅಪರಿಚಿತನ ಮೇಲಿನ ನಿಮ್ಮ ಅಕ್ಕರೆಯು ನಮ್ಮ ನಾಡಿನ ಒಂದು ಸಂಪತ್ತು, ಅದನ್ನು ಕಳೆದುಕೊಳ್ಳಬೇಡಿರಿ. ಆದರೆ ಸನ್ನೆಯ ದಿಕ್ಕನ್ನು ತಿರುಗಿಸಿರಿ. ದೀಪವುರಿಸಿಕೊಂಡು ಬರುವವನನ್ನು ಅವನ ಪಾಡಿಗೆ ಹೋಗಲು ಬಿಟ್ಟು, ಮಳೆಯ ಮಬ್ಬಿನಲ್ಲಿ, ಕಾಡಿನ ನೆರಳಿನಲ್ಲಿ ದೀಪವಿಲ್ಲದೆ ಬರುವವನಿಗೆ ಕೈಯೆತ್ತಿ ಎಚ್ಚರಿಕೆ ಕೊಡಿರಿ. ಆ ಒಂದು ಸನ್ನೆಯಿಂದ ಯಾವ ಮನೆಯ ದೀಪವು ಆರದೆ ಉಳಿಯುವುದೋ ಹೇಳಬಲ್ಲವರಾರು?